ಅಜ್ಜ ಒದ್ದ ಬಕೆಟ್ಟು

ನಮ್ಮ ಅಜ್ಜ ಒಂದು ಸಲ ಬಕೆಟ್ ಒದ್ದರು. ಬೇಕೆಂದು ಒದ್ದದ್ದಲ್ಲ. ಆಷಾಢದ ಮಳೆ, ಎರಡು ದಿನದಿಂದ ಕರೆಂಟಿಲ್ಲ, ಬೆಳಗಿನ ಜಾವದ ಕತ್ತಲು. ಬಚ್ಚಲಿಗೆ ಹೋದವರು ಹಂಡೆಯ ಪಕ್ಕ ಯಾರೋ ಇಟ್ಟಿದ್ದ ಕಬ್ಬಿಣದ ಬಕೆಟ್ಟನ್ನು ಕಾಣದೆ ಜಾಡಿಸಿಬಿಟ್ಟರು. ಬಕೆಟ್ಟು ಉರುಳಿ ಬಚ್ಚಲ ಕಲ್ಲಿಗೆ ಬಡಿದ ಸದ್ದಿಗೆ ಕೊಟ್ಟಿಗೆಯ ದನಗಳೆಲ್ಲ ಎದ್ದು ನಿಂತವು. ಅಜ್ಜನ ಬಲಗಾಲಿನ ಹೆಬ್ಬೆರಳ ಉಗುರು ಅರ್ಧ ಕಿತ್ತುಬಂದಿತ್ತು. ಅಪ್ಪ ಊರಲ್ಲಿರಲಿಲ್ಲ. ಅಜ್ಜನನ್ನು ಮೊದಲ ಬಸ್ಸಿಗೆ ತೀರ್ಥಹಳ್ಳಿಯ ಡಾಕ್ಟರ ಹತ್ತಿರ ಕರೆದುಕೊಂಡು ಹೋಗುವ ಹೊಣೆ ಎಂಟನೇ ಕ್ಲಾಸಿನಲ್ಲಿದ್ದ ನನ್ನ ತಲೆಗೆ ಬಂತು.

ರಜಾ ಅರ್ಜಿಯನ್ನು ಇಂಗ್ಲಿಷಿನಲ್ಲೇ ಬರೆಯಬೇಕೆಂಬುದು ನಮ್ಮ ಹೆಡ್ಮೇಷ್ಟ್ರ ಕಟ್ಟಪ್ಪಣೆ. ನಮಗೆ ಬರುತ್ತಿದ್ದುದು ಒಂದೇ ಅರ್ಜಿ: ‘ಆ್ಯಸ್ ಐ ಆ್ಯಮ್ ಸಫರಿಂಗ್ ಫ್ರಮ್ ಫೀವರ್’. ಅಕ್ಕನ ಮದುವೆಯಿರಲಿ, ಗದ್ದೆ ನೆಟ್ಟಿಯಿರಲಿ, ಮೇಳದ ಆಟ ನೋಡಿ ನಿದ್ದೆಗೆಟ್ಟದ್ದಿರಲಿ, ಅರ್ಜಿಯಲ್ಲಿ ಎಲ್ಲರಿಗೂ ಜ್ವರವೇ. ಅಂದು ಮಾತ್ರ ನನಗೆ ಇದ್ದದ್ದು ಇದ್ದ ಹಾಗೆ ಬರೆಯುವ ಹುಮ್ಮಸ್ಸು. ಗೊತ್ತಿದ್ದ ಇಂಗ್ಲಿಷನ್ನೆಲ್ಲ ಒಟ್ಟುಹಾಕಿ, ಈ ದಿನ ಬೆಳಿಗ್ಗೆ ನನ್ನ ಅಜ್ಜ ಬಕೆಟ್ ಒದ್ದಿರುವುದರಿಂದ ಒಂದು ದಿನದ ರಜೆ ದಯಪಾಲಿಸಬೇಕು ಎಂದು ಬರೆದೆ. ಕಿಕ್ಡ್ ದ ಬಕೆಟ್. ವ್ಯಾಕರಣದಲ್ಲಿ ಒಂದು ತಪ್ಪೂ ಇರಲಿಲ್ಲ. ಚೀಟಿಯನ್ನು ಪಕ್ಕದ ಮನೆಯ ಹುಡುಗನ ಕೈಯಲ್ಲಿ ಕಳಿಸಿ ಬಸ್ಸು ಹತ್ತಿದೆ.

ಸಂಜೆ ನಾಲ್ಕೂವರೆಗೆ ನಮ್ಮ ಅಂಗಳದಲ್ಲಿ ಮೂರು ಕೊಡೆಗಳು ಕಾಣಿಸಿದವು. ಮುಂದೆ ಹೆಡ್ಮೇಷ್ಟ್ರು, ಹಿಂದೆ ಕನ್ನಡ ಪಂಡಿತರು, ಅವರ ಹಿಂದೆ ಡ್ರಿಲ್ ಮೇಷ್ಟ್ರು. ಮೂವರ ಮುಖವೂ ತೂಗುಹಾಕಿದ ಹಾಗೆ. ಆಮೇಲೆ ತಿಳಿದದ್ದೇನೆಂದರೆ, ಶಾಲೆಗೆ ಜಾಗ ಬಿಟ್ಟುಕೊಟ್ಟ ಹಿರಿಯರೆಂದು ಬೆಳಿಗ್ಗೆ ಪ್ರಾರ್ಥನೆಯಲ್ಲಿ ಅಜ್ಜನಿಗೆ ಎರಡು ನಿಮಿಷದ ಮೌನ ಸಂದಿತ್ತು. ಮಧ್ಯಾಹ್ನದ ಮೇಲೆ ರಜೆಯೂ ಆಗಿತ್ತು. ಚೀಟಿ ತಂದ ಹುಡುಗನನ್ನು ಯಾರೂ ಏನೂ ಕೇಳಲಿಲ್ಲ. ರಜೆ ಬಿಡುವ ಹೊತ್ತಿನಲ್ಲಿ ತಾನಾಗಿ ಬಾಯಿಬಿಡುವಷ್ಟು ಅವನೇನೂ ದಡ್ಡನಲ್ಲ.

ಜಗುಲಿಯ ಮೇಲೆ ಅಜ್ಜ ಕಾಲನ್ನು ಸ್ಟೂಲಿನ ಮೇಲೆ ಚಾಚಿ, ವೀಳ್ಯದೆಲೆಗೆ ಸುಣ್ಣ ಹಚ್ಚುತ್ತ ಕೂತಿದ್ದರು. ‘ಬನ್ನಿ ಮೇಷ್ಟ್ರೇ, ಬನ್ನಿ. ಏನು ಮೂರೂ ಜನ ಒಟ್ಟಿಗೇ?’ ಎಂದರು. ಹೆಡ್ಮೇಷ್ಟ್ರ ಕೊಡೆ ಅರ್ಧ ಮಡಚಿ ಅಲ್ಲೇ ನಿಂತಿತು. ಒಂದು ಗಳಿಗೆ ಅಜ್ಜನ ಮುಖ, ಇನ್ನೊಂದು ಗಳಿಗೆ ಹೆಬ್ಬೆರಳ ಬ್ಯಾಂಡೇಜು ನೋಡಿದರು. ಆಮೇಲೆ, ‘ಏನಿಲ್ಲ, ಹೀಗೇ ಈ ಕಡೆ ಬಂದಿದ್ವಿ’ ಎಂದರು. ಕಾಫಿ ಕುಡಿದು, ಅಡಿಕೆಯ ರೇಟು ಮಾತಾಡಿ, ಎದ್ದು ಹೋದರು.

ಮರುದಿನ ನನ್ನ ಅಂಗೈಗೆ ಬೆತ್ತದಲ್ಲಿ ಎರಡು ಬಿತ್ತು. ಯಾಕೆಂದು ಹೇಳಲಿಲ್ಲ. ಹೊಡೆದ ಕೈಯಲ್ಲೇ ಸೀಮೆಸುಣ್ಣ ಹಿಡಿದು ಬೋರ್ಡಿನ ಮೇಲೆ ಬರೆದರು: ಕಿಕ್ ದ ಬಕೆಟ್ ಎಂದರೆ ಸಾಯುವುದು. ನಮ್ಮ ಕ್ಲಾಸಿಗೆ ಇಡಿಯಮ್ಮಿನ ಪಾಠ ಶುರುವಾದದ್ದು ಹಾಗೆ. ಊರಲ್ಲಿ ಮಾರಿಯಮ್ಮ ಇದ್ದಳು, ಈಗ ಇಡಿಯಮ್ಮ ಬಂದಳು, ಇಬ್ಬರೂ ಬಲಿ ಕೇಳುವವರೇ ಎಂದು ಹಿಂದಿನ ಬೆಂಚಿನವರು ಗೊಣಗಿಕೊಂಡರು. ವಾರಕ್ಕೆ ಹತ್ತು ಇಡಿಯಮ್ಮು ಬಾಯಿಪಾಠ. ಪ್ರತಿಯೊಂದಕ್ಕೂ ಸ್ವಂತ ವಾಕ್ಯ.

ಈ ಸ್ವಂತ ವಾಕ್ಯದ ಸಂಕಟವೇ ಬೇರೆ. ಬಾಯಲ್ಲಿ ಬೆಳ್ಳಿಯ ಚಮಚ ಇಟ್ಟುಕೊಂಡು ಹುಟ್ಟುವುದು ಎಂಬುದಕ್ಕೆ ನನ್ನ ಬೆಂಚಿನವನು, ನಮ್ಮ ಮಾವನ ಎಮ್ಮೆ ಬೆಳ್ಳಿ ಚಮಚದೊಂದಿಗೆ ಕರು ಹಾಕಿತು ಎಂದು ಬರೆದ. ಅವನ ಮಟ್ಟಿಗೆ ಹುಟ್ಟುವುದು ಎಂದಮೇಲೆ ಎಮ್ಮೆಯ ಕರುವೂ ಹುಟ್ಟಬಹುದಾಗಿತ್ತು. ಪಾಠಕ್ಕೆ ಆಧಾರ ಹೆಡ್ಮೇಷ್ಟ್ರ ಮೇಜಿನ ಮೇಲಿದ್ದ ರೆನ್ ಮತ್ತು ಮಾರ್ಟಿನ್ ವ್ಯಾಕರಣ. ಆ ರೆನ್ ಮಹಾಶಯ ‘ಬೋ ಜೆಸ್ಟ್’ ಎಂಬ ಸಾಹಸ ಕಾದಂಬರಿ ಬರೆದವನೂ ಹೌದು ಎಂದು ತಿಳಿದಾಗ ನನಗೆ ಐವತ್ತು ದಾಟಿತ್ತು. ನಮ್ಮನ್ನು ಅಷ್ಟು ಗೋಳುಹೊಯ್ದುಕೊಂಡವನು ಕಥೆ ಹೇಳಿ ಜನರನ್ನು ರಂಜಿಸುತ್ತಿದ್ದ ಎಂಬುದನ್ನು ನಾನು ಇನ್ನೂ ಪೂರ್ತಿ ಕ್ಷಮಿಸಿಲ್ಲ.

ಬಕೆಟ್ಟಿನ ವಿಚಾರ ಮಾತ್ರ ನನ್ನನ್ನು ಬಿಡಲಿಲ್ಲ. ಸಾಯುವುದಕ್ಕೂ ಬಕೆಟ್ ಒದೆಯುವುದಕ್ಕೂ ಏನು ಸಂಬಂಧ? ಫ್ರಾನ್ಸಿಸ್ ಗ್ರೋಸ್ ಎಂಬಾತ ಬೀದಿಬದಿಯ ಇಂಗ್ಲಿಷಿಗೆಂದೇ ಮಾಡಿದ 1785ರ ನಿಘಂಟಿನಲ್ಲಿ ಈ ಮಾತು ಆಗಲೇ ಇದೆ. ಅರ್ಥ ಕೊಟ್ಟಿದ್ದಾನೆ, ಕಾರಣ ಕೊಟ್ಟಿಲ್ಲ. ನೇಣು ಹಾಕಿಕೊಳ್ಳುವವನು ಬಕೆಟ್ಟಿನ ಮೇಲೆ ನಿಂತು ಅದನ್ನು ಒದೆಯುತ್ತಿದ್ದ ಎಂಬ ಕಥೆ ಎಲ್ಲರ ಬಾಯಲ್ಲೂ ಇದೆ, ಅದಕ್ಕೆ ಪುರಾವೆಯಿಲ್ಲ. ನಾರ್ಫಕ್ ಸೀಮೆಯ ಆಡುಮಾತಿನಲ್ಲಿ ಕಡಿದ ಹಂದಿಯನ್ನು ಹಿಂಗಾಲು ಕಟ್ಟಿ ತೂಗುಹಾಕುವ ಅಡ್ಡತೊಲೆಗೂ ಬಕೆಟ್ ಎಂಬ ಹೆಸರಿತ್ತಂತೆ. ಜೀವ ಹೋಗುವ ಕೊನೆಯ ಒದ್ದಾಟದಲ್ಲಿ ಹಂದಿ ಒದೆಯುತ್ತಿದ್ದುದು ಆ ತೊಲೆಯನ್ನು. ಹೆಚ್ಚಿನ ಪಂಡಿತರು ಒಪ್ಪುವುದು ಇದನ್ನೇ. ಅಂದರೆ ನಮ್ಮಜ್ಜನ ಕಬ್ಬಿಣದ ಬಕೆಟ್ಟು ನಿರಪರಾಧಿ.

2007ರಲ್ಲಿ ‘ದ ಬಕೆಟ್ ಲಿಸ್ಟ್’ ಎಂಬ ಸಿನಿಮಾ ಬಂದಮೇಲೆ ಸಾಯುವುದರೊಳಗೆ ಮಾಡಬೇಕಾದ ಕೆಲಸಗಳ ಪಟ್ಟಿಗೂ ಬಕೆಟ್ಟಿನ ಹೆಸರೇ ಬಂತು. ಈಗ ನಮ್ಮ ಪುರವಣಿಗಳಲ್ಲೂ ಅದು ಧಾರಾಳ. ಇತ್ತ ಕನ್ನಡದಲ್ಲಿ ನಾವು ಬಕೆಟ್ಟನ್ನು ಒದೆಯುವುದಿಲ್ಲ, ಹಿಡಿಯುತ್ತೇವೆ. ಸಾಹೇಬರಿಗೆ ಬಕೆಟ್ ಹಿಡಿದ ಎಂದರೆ ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ಇಂಗ್ಲಿಷಿನಲ್ಲಿ ಒದ್ದರೆ ಮರಣ, ಕನ್ನಡದಲ್ಲಿ ಹಿಡಿದರೆ ಬಡ್ತಿ. ಒಂದೇ ಪಾತ್ರೆಯ ಎರಡು ಹಣೆಬರಹ.

ಮಳೆಗೆ ಬರೋಣ. ಆಗುಂಬೆಯ ಕೆಳಗೆ ಮೇಲೆ ಓಡಾಡಿ ಬೆಳೆದ ಹುಡುಗರಿಗೆ ಮೇಷ್ಟ್ರು, ಇಂಗ್ಲೆಂಡಿನಲ್ಲಿ ಜೋರು ಮಳೆ ಬಂದರೆ ಬೆಕ್ಕು ನಾಯಿ ಬೀಳುತ್ತವೆ ಎಂದು ಕಲಿಸಿದರೆ ಏನಾಗಬೇಕು? ವರ್ಷಕ್ಕೆ ಏಳು ಸಾವಿರ ಮಿಲಿಮೀಟರು ದಾಟಿ ಸುರಿಯುವ ಆಗುಂಬೆಯಲ್ಲಿ ಬೀಳುವುದು ಬರೀ ನೀರು. ಆರುನೂರರ ಆಸುಪಾಸಿನಲ್ಲಿ ಮುಗಿಯುವ ಲಂಡನ್ನಿನ ಜಿಟಿಜಿಟಿಯಲ್ಲಿ ಬೆಕ್ಕು, ನಾಯಿ! ಬಡಾಯಿ ಎಂದರೆ ಇದು ಎಂದುಕೊಂಡಿದ್ದೆ. ಹಿಂದಿನ ಕಾಲದಲ್ಲಿ ಅಲ್ಲಿನ ನಾಯಿ ಬೆಕ್ಕುಗಳು ಹುಲ್ಲುಮಾಡಿನೊಳಗೆ ಮಲಗುತ್ತಿದ್ದವು, ಮಳೆ ಬಂದಾಗ ಜಾರಿ ಬೀಳುತ್ತಿದ್ದವು ಎಂದು ಒಂದು ವಿವರಣೆ ಬಹಳ ಓಡಾಡುತ್ತದೆ. ಹುಲ್ಲುಮನೆಯಲ್ಲಿ ಮಳೆಗಾಲ ಕಳೆದ ಯಾರೂ ಇದನ್ನು ನಂಬುವುದಿಲ್ಲ. ಬೆಕ್ಕು ಮಾಡಿನ ಸಂದಿಯಲ್ಲಿ ಸೇರಿಕೊಂಡೀತು, ಒಪ್ಪೋಣ. ನಾಯಿಗೆ ಏಣಿ ಹಾಕಿಕೊಟ್ಟವರು ಯಾರು? ಮಳೆ ಬಂದರೆ ನಮ್ಮ ಮನೆಯ ನಾಯಿ ನೇರ ಬಚ್ಚಲ ಒಲೆಯ ಬೂದಿಗೆ ಹೋಗಿ ಮುದುಡಿಕೊಳ್ಳುತ್ತಿತ್ತು.

ಜೊನಾಥನ್ ಸ್ವಿಫ್ಟ್ 1710ರಲ್ಲಿ ಲಂಡನ್ನಿನ ಮಳೆಯ ಮೇಲೆ ಒಂದು ಪದ್ಯ ಬರೆದ. ಮಳೆ ಹೊಡೆದಮೇಲೆ ಊರಿನ ಚರಂಡಿಗಳು ಕಟುಕರಂಗಡಿಯ ಕಸದ ಜತೆಗೆ ಸತ್ತ ಬೆಕ್ಕು, ಮುಳುಗಿದ ನಾಯಿಮರಿಗಳನ್ನೂ ಹೊತ್ತು ಹರಿಯುವ ಚಿತ್ರ ಅದರಲ್ಲಿದೆ. ಮಾತು ಹುಟ್ಟಿದ್ದು ಅಲ್ಲಿಂದ ಎನ್ನುವಂತಿಲ್ಲ. ಅದಕ್ಕೂ ಅರ್ಧ ಶತಮಾನ ಮೊದಲೇ ಇಂಥದೇ ಮಾತು ಅಚ್ಚಾಗಿದೆ. ಆದರೆ ಅದೇ ಸ್ವಿಫ್ಟ್ 1738ರಲ್ಲಿ ಇನ್ನೊಂದು ಪುಸ್ತಕ ಹೊರತಂದ. ಮೇಲ್ದರ್ಜೆಯವರು ಕೂಟಗಳಲ್ಲಿ ಕೂತು ಸವೆದುಹೋದ ಮಾತುಗಳನ್ನೇ ತಿರುಗಿ ತಿರುಗಿ ಆಡುವುದನ್ನು ಗೇಲಿ ಮಾಡುವ ಪುಸ್ತಕ. ಬೆಕ್ಕು ನಾಯಿಯ ಮಳೆ ಆ ಸವಕಲು ಮಾತುಗಳ ನಡುವೆ ಬರುತ್ತದೆ. ಅಂದರೆ 1738ರಲ್ಲೇ ಹಾಸ್ಯಕ್ಕೆ ಗುರಿಯಾಗುವಷ್ಟು ಸವೆದಿದ್ದ ಮಾತನ್ನು ನಮ್ಮ ಮೇಷ್ಟ್ರು ಇನ್ನೂರು ಚಿಲ್ಲರೆ ವರ್ಷದ ಮೇಲೆ, ಒಳ್ಳೆಯ ಇಂಗ್ಲಿಷ್ ಬರೆಯಲಿಕ್ಕೆ ಬೇಕಾಗುತ್ತದೆ ಎಂದು ನಮಗೆ ಬೆತ್ತ ಹಿಡಿದು ಕಲಿಸುತ್ತಿದ್ದರು. ಸ್ವಿಫ್ಟ್ ಬದುಕಿದ್ದಿದ್ದರೆ ಮಲೆನಾಡಿಗೆ ಬಸ್ಸು ಹಿಡಿಯುತ್ತಿದ್ದ.

ಕಾಲಚಕ್ರ ತಿರುಗಿ ನಾನೊಂದು ಕನ್ನಡ ಪತ್ರಿಕೆಯ ಸುದ್ದಿಮನೆಯಲ್ಲಿ ಉಪಸಂಪಾದಕನಾದೆ. ಕೆಲಸವೆಂದರೆ ರಾತ್ರಿಪಾಳಿ, ಟೆಲಿಪ್ರಿಂಟರು ಕಕ್ಕುವ ಇಂಗ್ಲಿಷ್ ಸುದ್ದಿಯನ್ನು ಹರಿದು ತಂದು ಕನ್ನಡ ಮಾಡುವುದು. ಅಲ್ಲಿ ಕೂತಮೇಲೆ ಗೊತ್ತಾಯಿತು, ಇಡಿಯಮ್ಮು ಕನ್ನಡ ನಾಡಿನಲ್ಲಿ ಆಗಲೇ ನೆಲೆ ನಿಂತಾಗಿತ್ತು. ಯೋಜನೆಗೆ ಹಸಿರು ನಿಶಾನೆ ಸಿಗುತ್ತಿತ್ತು, ನಿಗಮಗಳು ಬಿಳಿಯಾನೆಯಾಗಿದ್ದವು, ಕಡತಗಳು ಕೆಂಪು ಪಟ್ಟಿಯಲ್ಲಿ ಸಿಕ್ಕಿಕೊಂಡಿದ್ದವು. ಕೆಂಪು ಪಟ್ಟಿಯ ಬಗ್ಗೆ ನನ್ನ ತಕರಾರಿಲ್ಲ. ಇಂಗ್ಲೆಂಡಿನಲ್ಲಿ ಕಾಗದಪತ್ರಕ್ಕೆ ಕಟ್ಟುತ್ತಿದ್ದುದು ಕೆಂಪು ದಾರ, ನಮ್ಮ ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿನಲ್ಲಿ ಕಾಗದಪತ್ರ ಸುತ್ತಿಡುವುದು ಕೆಂಪು ಬಟ್ಟೆ. ಧೂಳು ಮಾತ್ರ ಎರಡೂ ಕಡೆ ಒಂದೇ ಬಣ್ಣದ್ದಿರಬೇಕು. ಚುನಾವಣೆ ಬಂತೆಂದರೆ ಪ್ರತಿ ಕ್ಷೇತ್ರದಲ್ಲೂ ಒಂದೊಂದು ಕಪ್ಪು ಕುದುರೆ. ಈ ಕುದುರೆ ಡಿಸ್ರೇಲಿಯ 1831ರ ಒಂದು ಕಾದಂಬರಿಯಲ್ಲಿ ಓಡಿ ಗೆದ್ದದ್ದು. ಯಾರಿಗೂ ಅದರ ಗುಟ್ಟು ತಿಳಿದಿರಲಿಲ್ಲ ಎಂಬುದು ಅಲ್ಲಿಯ ‘ಡಾರ್ಕ್’ ಎಂಬ ಮಾತಿನ ಇಂಗಿತ, ಮೈಬಣ್ಣವಲ್ಲ. ನಾವು ಅದಕ್ಕೆ ಡಾಂಬರು ಬಳಿದು ಕಪ್ಪಾಗಿಸಿದೆವು. ‘ಅಡಗುಗುದುರೆ’ ಎಂದು ಬರೆಯೋಣವೆಂದು ಒಂದು ಸಲ ಸೂಚಿಸಿದೆ. ಸಂಪಾದಕರು ಕನ್ನಡಕದ ಮೇಲಿಂದ ನೋಡಿದರು. ಅಷ್ಟೇ.

ನನ್ನ ಮಾನ ಹೋದದ್ದು ಮಾತ್ರ ಒಂದು ಮೀನಿನಿಂದ. ಯಾವುದೋ ಕೋರ್ಟಿನ ವರದಿ. ರಾತ್ರಿ ಹನ್ನೆರಡೂಕಾಲು. ಪೊಲೀಸರು ಹಾಜರುಪಡಿಸಿದ ಪತ್ರ ಒಂದು ರೆಡ್ ಹೆರಿಂಗ್ ಎಂದು ವಕೀಲರು ವಾದಿಸಿದ್ದರು. ನಿಘಂಟು ತೆಗೆಯಲು ಸೋಮಾರಿತನ. ಹೆರಿಂಗ್ ಎಂದರೆ ಮೀನು ಎಂಬುದು ಗೊತ್ತಿತ್ತು. ಪೊಲೀಸರು ಹಾಜರುಪಡಿಸಿದ ಪತ್ರವು ಕೇವಲ ಕೆಂಪು ಮೀನು ಎಂದು ವಕೀಲರು ವಾದಿಸಿದರು ಎಂದು ಬರೆದು ಮನೆಗೆ ಹೋಗಿ ಮಲಗಿದೆ.

ಮರುದಿನ ಸಂಜೆ ಕಚೇರಿಗೆ ಕಾಲಿಡುವ ಹೊತ್ತಿಗೆ ಮೇಜಿನ ಫೋನು ಹೊಡೆದುಕೊಳ್ಳುತ್ತಿತ್ತು. ಎತ್ತಿದೆ. ಕರಾವಳಿಯ ದನಿ. ‘ಅಲ್ಲ ಮಾರಾಯ್ರೆ, ನಿಮ್ಮ ಪೇಪರಿನಲ್ಲಿ ಕೆಂಪು ಮೀನು ಅಂತ ಹಾಕಿದ್ದೀರಲ್ಲ, ಅದು ಯಾವುದು? ಕೆಂಬೇರಿಯಾ, ಮದ್ಮಲಾ?’ ನಾನು ತಡವರಿಸಿದೆ. ‘ಅಲ್ಲ, ರೇಟು ಬೇರೆ ಬೇರೆ ಉಂಟು, ಹಾಗೆ ಕೇಳಿದ್ದು’ ಎಂದು ಇಟ್ಟುಬಿಟ್ಟರು. ಗೇಲಿಯೋ ನಿಜವಾದ ಕುತೂಹಲವೋ ಇವತ್ತಿನವರೆಗೂ ತಿಳಿದಿಲ್ಲ. ಪಕ್ಕದ ಕುರ್ಚಿಯ ಉಡುಪಿಯ ಗೆಳೆಯ ಎದ್ದುಬಿದ್ದು ನಕ್ಕು, ‘ಹೆರಿಂಗ್ ಅಂದರೆ ನಮ್ಮ ಬೂತಾಯಿಯ ದೊಡ್ಡಪ್ಪನ ಮಗ, ಕೆಂಪೆಲ್ಲಿಂದ ಬಂತು?’ ಎಂದು ಕೇಳಿದ.

ಅವನ ಮಾತು ಸರಿ. ಹೆರಿಂಗ್ ಬೂತಾಯಿಯ ಬಳಗದ್ದೇ, ಬೆಳ್ಳಿಯ ಹಾಗೆ ಹೊಳೆಯುವ ಮೀನು. ಉಪ್ಪು ಹಾಕಿ, ದಿನಗಟ್ಟಲೆ ಹೊಗೆಯಲ್ಲಿ ತೂಗುಬಿಟ್ಟಾಗ ಕೆಂಪಡರಿದ ಕಂದು ಬಣ್ಣಕ್ಕೆ ತಿರುಗುತ್ತದೆ. ವಾಸನೆಯೂ ಅಷ್ಟೇ ಘಾಟು. ಒಣಮೀನಿನ ಚೀಲ ಬಸ್ಸಿನ ಟಾಪಿನ ಮೇಲಿದ್ದರೆ ಒಳಗೆ ಕೂತವರಿಗೆ ಹೇಗೆ ತಿಳಿಯುತ್ತದೆಯೋ ಹಾಗೆ. ಈ ಮೀನನ್ನು ಮಾತಿನ ಸಂತೆಗೆ ತಂದವನು ವಿಲಿಯಂ ಕಾಬೆಟ್, ನನ್ನ ಹಾಗೆಯೇ ಪತ್ರಿಕೆಯವನು. ಹುಡುಗನಾಗಿದ್ದಾಗ ಮೊಲದ ಬೆನ್ನು ಹತ್ತಿದ ಬೇಟೆನಾಯಿಗಳ ದಾರಿಗೆ ಅಡ್ಡವಾಗಿ ಇಂಥ ಹೊಗೆಮೀನನ್ನು ಎಳೆದು, ಅವು ಜಾಡು ತಪ್ಪುವಂತೆ ಮಾಡುತ್ತಿದ್ದೆ ಎಂದು 1807ರಲ್ಲಿ ತನ್ನ ವಾರಪತ್ರಿಕೆಯಲ್ಲಿ ಬರೆದ. ಬರೆದದ್ದು ಯಾತಕ್ಕೆ? ನೆಪೋಲಿಯನ್ ಸೋತ ಎಂಬ ಸುಳ್ಳು ಸುದ್ದಿಯನ್ನು ಲಂಡನ್ನಿನ ಪತ್ರಿಕೆಗಳು ನಂಬಿ ಅಚ್ಚುಹಾಕಿ, ಊರಿನ ತಾಪತ್ರಯಗಳನ್ನೆಲ್ಲ ಮರೆತಿದ್ದವು. ಅವರನ್ನು ಮೂದಲಿಸುವುದಕ್ಕೆ. ಪತ್ರಿಕೆಯವರ ಎಡವಟ್ಟಿನಿಂದ ಹುಟ್ಟಿದ ಮಾತಿಗೆ ಇನ್ನೊಬ್ಬ ಪತ್ರಿಕೆಯವ ಎಡವಿದ. ಮೀನಿಗೆ ಅನ್ಯಾಯವಾಯಿತೇ ಹೊರತು ಸಂಪ್ರದಾಯಕ್ಕಲ್ಲ ಎಂದು ನಾನು ಸಮಾಧಾನ ಮಾಡಿಕೊಂಡೆ. ಸಂಪಾದಕರು ಮಾಡಿಕೊಳ್ಳಲಿಲ್ಲ, ಒಂದು ತಿಂಗಳು ನನ್ನನ್ನು ಪೇಟೆಧಾರಣೆಯ ಪುಟಕ್ಕೆ ಹಾಕಿದರು. ಅಲ್ಲಿ ಇಡಿಯಮ್ಮಿನ ಕಾಟವಿಲ್ಲ, ಮೆಣಸು ಎಂದರೆ ಮೆಣಸೇ.

ಆ ತಿಂಗಳ ಬಿಡುವಿನಲ್ಲಿ ನಾನು ಕಚೇರಿಯ ಕಪಾಟಿನಲ್ಲಿದ್ದ ಕಿಟೆಲ್ ನಿಘಂಟನ್ನು ಪುಟ ಪುಟ ಓದಿದೆ. ಜರ್ಮನಿಯಿಂದ ಬಂದ ಪಾದ್ರಿ, ಮಂಗಳೂರಿನ ಬಾಸೆಲ್ ಮಿಷನ್ನಿನಿಂದ 1894ರಲ್ಲಿ ಹೊರಬಂದ ನಿಘಂಟು. ಪದದ ಬೆನ್ನಿಗೆ ಗಾದೆ, ಗಾದೆಯ ಬೆನ್ನಿಗೆ ಇಂಗ್ಲಿಷ್ ಅರ್ಥ. ನಾವು ಉಂಡು ತೇಗಿ ಮರೆತ ಮಾತುಗಳನ್ನು ಆ ಮನುಷ್ಯ ಒಂದೊಂದಾಗಿ ಎತ್ತಿ, ಬೆಳಕಿಗೆ ಹಿಡಿದು ನೋಡಿದ ಹಾಗಿದೆ. ಹೊರಗಿನವನಿಗೆ ಮಾತ್ರ ಬರುವ ಅಚ್ಚರಿ ಅದು. ನಮಗೆ ಬಕೆಟ್ಟು ಕಾಣಿಸುತ್ತದೆ, ಇಂಗ್ಲಿಷಿನವರಿಗೆ ಸಾವು ಕಾಣಿಸುತ್ತದೆ. ಅವರ ಬಾಯಲ್ಲಿ ಆ ಬಕೆಟ್ಟು ಸದ್ದೇ ಮಾಡುವುದಿಲ್ಲ.

ಇಂಗ್ಲಿಷಿನ ಸಂಬಂಧಿಕರ ಬಗ್ಗೆಯೂ ಒಂದು ಮಾತು ಹೇಳಬೇಕು. ಒಂದು ಕೆಲಸ ಮಾಡುವ ಬಗೆಯನ್ನೆಲ್ಲ ವಿವರಿಸಿ, ಇಷ್ಟು ಮಾಡಿದರೆ ಮುಗಿಯಿತು ಎನ್ನುವಲ್ಲಿ ಅವರು ‘ಬಾಬ್ಸ್ ಯುವರ್ ಅಂಕಲ್’ ಎನ್ನುತ್ತಾರೆ. ಅನುವಾದಕನಿಗೆ ಇದು ಪ್ರಾಣಸಂಕಟ. ಬಾಬ್ ನಿಮಗೆ ಏನಾಗಬೇಕು? ಚಿಕ್ಕಪ್ಪನೋ, ದೊಡ್ಡಪ್ಪನೋ, ಮಾವನೋ, ಅತ್ತೆಯ ಗಂಡನೋ? ಅಂಕಲ್ ಎಂದು ತಿಪ್ಪೆ ಸಾರಿಸಿದರೆ ನಮ್ಮ ಮದುವೆಮನೆಗಳಲ್ಲಿ ಜಗಳ ಬೀಳುತ್ತದೆ. ಈ ಮಾತಿಗೊಂದು ಕಥೆಯಿದೆ. 1887ರಲ್ಲಿ ಬ್ರಿಟನ್ನಿನ ಪ್ರಧಾನಿ ಲಾರ್ಡ್ ಸಾಲ್ಸ್‌ಬರಿ, ಅಂದರೆ ರಾಬರ್ಟ್ ಸೆಸಿಲ್, ಆರ್ಥರ್ ಬಾಲ್ಫೋರ್ ಎಂಬ ತನ್ನವನನ್ನೇ ಐರ್ಲೆಂಡಿನ ಮುಖ್ಯ ಕಾರ್ಯದರ್ಶಿಯ ದೊಡ್ಡ ಹುದ್ದೆಯಲ್ಲಿ ಕೂರಿಸಿದ. ಬಾಬ್ ಅಂಕಲ್ ಇದ್ದರೆ ಇನ್ನೇನು ಎಂದು ಜನ ಆಡಿಕೊಂಡರಂತೆ. ಮಾತು ಅಚ್ಚಿನಲ್ಲಿ ಕಾಣುವುದು ದಶಕಗಳು ಕಳೆದಮೇಲೆ, ಹಾಗಾಗಿ ಕಥೆಯನ್ನು ಪೂರ್ತಿ ನಂಬುವಂತಿಲ್ಲ. ಆದರೆ ಇಂಗ್ಲಿಷ್ ಪಂಡಿತರು ತಲೆಕೆಡಿಸಿಕೊಳ್ಳದ ಒಂದು ಸಂಗತಿಯನ್ನು ನಾನು ಕನ್ನಡಿಗನಾಗಿ ಹುಡುಕಿ ತೆಗೆದೆ. ಬಾಲ್ಫೋರನ ತಾಯಿ ಸಾಲ್ಸ್‌ಬರಿಯ ಅಕ್ಕ. ಹಾಗಾದರೆ ಬಾಬ್ ಸೋದರಮಾವ! ಅಳಿಯನಿಗೆ ಮಾಡದೆ ಇನ್ನಾರಿಗೆ ಮಾಡಬೇಕು? ಕನ್ನಡದಲ್ಲಿ ಮಾವನ ಮನೆಗೆ ಹೋದ ಎಂದರೆ ಜೈಲಿಗೆ ಹೋದ ಎಂದೂ ಆಗುತ್ತದೆ. ಅದು ಸಾಮಾನ್ಯವಾಗಿ ಹುದ್ದೆ ಮುಗಿದಮೇಲಿನ ಮಾತು.

ಕೆಲವು ಕಡೆ ಎರಡು ಭಾಷೆಗಳೂ ಒಂದೇ ಸಣ್ಣತನವನ್ನು ಹಿಡಿದಿರುವುದು ನೋಡಿದರೆ ಖುಷಿಯಾಗುತ್ತದೆ. ಉಡುಗೊರೆಯಾಗಿ ಬಂದ ಕುದುರೆಯ ಬಾಯಿ ಬಿಡಿಸಿ ನೋಡಬೇಡ ಎನ್ನುತ್ತದೆ ಇಂಗ್ಲಿಷು. ಹಲ್ಲು ನೋಡಿ ವಯಸ್ಸು ಹೇಳುವುದು ಸಂತೆಯ ರೂಢಿ. ಬಿಟ್ಟಿ ಬಂದದ್ದಕ್ಕೂ ಪರೀಕ್ಷೆಯೇ ಎಂಬ ಬೈಗುಳ ಅದು. ನಮ್ಮಲ್ಲಿ ಧರ್ಮಕ್ಕೆ ದಟ್ಟಿ ಕೊಟ್ಟರೆ ಹಿತ್ತಲಿಗೆ ಹೋಗಿ ಮೊಳ ಹಾಕಿದರಂತೆ. ನನ್ನನ್ನು ಕೇಳಿದರೆ ಕನ್ನಡದ್ದೇ ಒಂದು ಕೈ ಮೇಲು. ಇಂಗ್ಲಿಷಿನವನು ಕೊಟ್ಟವನ ಎದುರಿಗೇ ಕುದುರೆಯ ಬಾಯಿಗೆ ಕೈ ಹಾಕುವ ಒರಟ. ನಮ್ಮವಳು ಮುಂಬಾಗಿಲಲ್ಲಿ ಕೈಮುಗಿದು ಇಸಿದುಕೊಂಡು, ಒಳಗೆ ಹೋಗಿ, ಹಿತ್ತಲ ಬಾಗಿಲು ದೂಡಿ, ಬಾಳೆಗಿಡದ ಮರೆಯಲ್ಲಿ ನಿಂತು, ಮೊಣಕೈಯಿಂದ ಬೆರಳ ತುದಿಗೆ ಒಂದು, ಎರಡು ಎಂದು ಅಳೆಯುತ್ತಾಳೆ. ಆ ‘ಹಿತ್ತಲಿಗೆ ಹೋಗಿ’ ಎಂಬಲ್ಲಿ ಒಂದಿಡೀ ಕಾದಂಬರಿಯಿದೆ.

ಹಾಗೆಂದು ಇಂಗ್ಲಿಷಿಗೆ ನಾಚಿಕೆಯಿಲ್ಲವೆಂದಲ್ಲ, ಗಣಿತ ಬರುವುದಿಲ್ಲ ಅಷ್ಟೆ. ಪ್ರೇಮದಲ್ಲಿ ಬಿದ್ದವನು ‘ಹೆಡ್ ಓವರ್ ಹೀಲ್ಸ್’ ಆಗುತ್ತಾನಂತೆ. ಹಿಮ್ಮಡಿಯ ಮೇಲೆ ತಲೆ ಇರುವುದು ಸ್ವಸ್ಥ ಮನುಷ್ಯನ ಭಂಗಿ. ರೇಷನ್ ಅಂಗಡಿಯ ಸಾಲಿನಲ್ಲಿ ನಿಂತವರೆಲ್ಲ ಹಾಗೇ ಇರುತ್ತಾರೆ. ಹಿಂದೆ ಅದು ಸರಿಯಾಗಿಯೇ ಇತ್ತಂತೆ, ತಲೆಯ ಮೇಲೆ ಹಿಮ್ಮಡಿ ಎಂದು. ಹದಿನೆಂಟನೇ ಶತಮಾನದಲ್ಲಿ ಯಾರೋ ಉಲ್ಟಾ ಹೇಳಿದರು, ಊರೆಲ್ಲ ಹಿಂಬಾಲಿಸಿತು. ತಲೆಕೆಳಗು ಎಂಬ ಮಾತೇ ತಲೆಕೆಳಗಾಯಿತು.

ಈಗ ನಿವೃತ್ತನಾಗಿ ತೀರ್ಥಹಳ್ಳಿಗೆ ಮರಳಿದ್ದೇನೆ. ಮಗಳ ಸಂಸಾರ ಇಂಗ್ಲೆಂಡಿನಲ್ಲಿ, ಲಂಡನ್ನಿನ ಪಶ್ಚಿಮಕ್ಕಿರುವ ರೆಡಿಂಗ್ ಎಂಬ ಊರು. ಅಲ್ಲಿ ಶಾಲೆಗೆ ಬೇಸಿಗೆ ರಜೆ ಕೊಡುವ ಹೊತ್ತಿಗೆ ಇಲ್ಲಿ ಪುಷ್ಯ ಮಳೆ ಹಿಡಿದಿರುತ್ತದೆ. ಹೋದ ವರ್ಷ ಎಂಟು ವರ್ಷದ ಮೊಮ್ಮಗಳು ಬಂದಳು. ನನಗೂ ಸಂಭ್ರಮ, ಜೀವಮಾನದ ಇಡಿಯಮ್ಮುಗಳನ್ನು ಬಳಸಲು ಒಬ್ಬ ಅಸಲಿ ಇಂಗ್ಲಿಷಿನವಳು ಸಿಕ್ಕಿದ್ದಳು. ಜಗುಲಿಯಲ್ಲಿ ಕೂತು ಹೊರಗೆ ಕೈ ತೋರಿಸಿ, ನೋಡು, ಇಟ್ ಈಸ್ ರೇನಿಂಗ್ ಕ್ಯಾಟ್ಸ್ ಅಂಡ್ ಡಾಗ್ಸ್ ಎಂದೆ. ಅವಳು ನನ್ನನ್ನು ಕರುಣೆಯಿಂದ ನೋಡಿದಳು.

‘ಅಜ್ಜಾ, ಹಾಗೆ ಯಾರೂ ಹೇಳಲ್ಲ.’

‘ಮತ್ತೆ?’

‘ಬಕೆಟಿಂಗ್ ಡೌನ್ ಅಂತಾರೆ.’

ಅಂತೂ ಬಕೆಟ್ಟು ನನ್ನನ್ನು ಬಿಡುವಂತೆ ಕಾಣಲಿಲ್ಲ. ಆದರೆ ಯೋಚಿಸಿದರೆ, ಬಕೆಟ್ಟಿನಲ್ಲಿ ಸುರಿದ ಹಾಗೆ ಎಂದರೆ ನಮ್ಮ ಕುಂಭದ್ರೋಣವೇ ತಾನೆ? ಕುಂಭವೂ ಪಾತ್ರೆ, ದ್ರೋಣವೂ ಅಳತೆಯ ಪಾತ್ರೆ. ಮುಸಲಧಾರೆ ಎನ್ನುವಾಗ ನಾವು ಒನಕೆಯನ್ನೇ ಆಕಾಶದಿಂದ ಇಳಿಸುತ್ತೇವೆ. ಒನಕೆ ಬೀಳುವ ಊರಿನವನು ಬೆಕ್ಕು ಬೀಳುವ ಊರಿನವನನ್ನು ನೋಡಿ ಜೀವಮಾನವಿಡೀ ನಕ್ಕಿದ್ದೆ.

ಆ ಹುಡುಗಿ ಇದ್ದ ಒಂದು ತಿಂಗಳು ನಮ್ಮ ಮನೆಯ ಮಾತಿಗೆಲ್ಲ ಪರೀಕ್ಷೆಯ ಕಾಲ. ಪಕ್ಕದ ಮನೆಯವರು ಹೊಸ ಕಾರು ತಂದಾಗ ನನ್ನ ಹೆಂಡತಿ, ಎದುರು ಮನೆಯವರಿಗೆ ಹೊಟ್ಟೆ ಉರಿ ಎಂದಳು. ಹುಡುಗಿ ಓಡಿಹೋಗಿ ಫ್ರಿಜ್ಜಿನಿಂದ ಮಜ್ಜಿಗೆ ತಂದು, ಕೊಟ್ಟುಬರಲಾ ಎಂದು ಕೇಳಿದಳು. ಅವನು ರೈಲು ಬಿಡುತ್ತಾನೆ ಎಂದರೆ, ಅಂಕಲ್ ರೈಲ್ವೆಯಲ್ಲಿದ್ದಾರಾ? ಕಾಗೆ ಹಾರಿಸಿದರು ಎಂದರೆ ಅಂಗಳಕ್ಕೆ ಬಂದು ಆಕಾಶ ನೋಡುವುದು. ಸುಳ್ಳಿಗೆ ನಮಗೆ ರೈಲು, ಕಾಗೆ, ಬುರುಡೆ ಇವೆಲ್ಲ ಯಾಕೆ ಬೇಕಾದವು ಎಂದು ಅವಳು ಕೇಳಿದ್ದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಚಳ್ಳೆಹಣ್ಣು ತಿನ್ನಿಸುವುದು ಎಂದರೆ ಮೋಸ ಮಾಡುವುದು ಎಂದೆ. ‘ಆ ಹಣ್ಣು ಕಹಿಯಾ?’ ತಿಂದು ನೋಡಿ ಹೇಳಬೇಕಾದ ವಯಸ್ಸಿನಲ್ಲಿ ನಾನು ಆ ಹಣ್ಣನ್ನು ಇಂಥ ಮಾತಿನಲ್ಲೇ ತಿಂದು ಮುಗಿಸಿದ್ದೆ.

ಒಂದು ಮಧ್ಯಾಹ್ನ ಆಪಲ್ ಆಫ್ ಮೈ ಐ ಎಂದು ಅವಳ ಕೆನ್ನೆ ಹಿಂಡಿದೆ. ಇದನ್ನು ಮಾತ್ರ ಅವಳ ಅಮ್ಮನೂ ಹೇಳುತ್ತಾಳಂತೆ. ಕಣ್ಣಿಗೂ ಸೇಬಿಗೂ ಏನು ನಂಟು ಎಂದು ನಾನೇ ಕೇಳಿ ನಾನೇ ಹೇಳಿದೆ: ಸಾವಿರ ವರ್ಷಕ್ಕೂ ಹಿಂದಿನ ಇಂಗ್ಲಿಷಿನಲ್ಲಿ ಕಣ್ಣಿನ ನಡುವಿನ ಕಪ್ಪು ಗುಂಡನ್ನೇ ಸೇಬು ಎನ್ನುತ್ತಿದ್ದರು. ಆಮೇಲೆ ಬಂದ ‘ಪ್ಯೂಪಿಲ್’ ಎಂಬ ಮಾತು ಲ್ಯಾಟಿನ್ನಿನದು, ಪುಟ್ಟ ಬೊಂಬೆ ಎಂದು ಅರ್ಥ. ನಮ್ಮಲ್ಲಿ ಅದು ಪಾಪೆ. ಪಾಪೆ ಎಂದರೂ ಬೊಂಬೆಯೇ. ರೋಮಿನವರೂ ನಾವೂ ಮಾತಾಡಿಕೊಂಡದ್ದಲ್ಲ, ಆದರೂ ಇಬ್ಬರಿಗೂ ಅಲ್ಲಿ ಬೊಂಬೆ ಕಂಡಿತು. ಹುಡುಗಿ ಹತ್ತಿರ ಬಂದು, ನನ್ನ ಕನ್ನಡಕ ತೆಗೆದು, ರೆಪ್ಪೆಯನ್ನು ಎರಡು ಬೆರಳಲ್ಲಿ ಅಗಲಿಸಿ ನೋಡಿದಳು. ಉಸಿರು ಬಿಗಿಹಿಡಿದು, ‘ಅಜ್ಜಾ, ಒಳಗೆ ನಾನಿದೀನಿ’ ಎಂದಳು. ಹಿಂದಿನ ವರ್ಷವಷ್ಟೇ ಪೊರೆ ತೆಗೆಸಿದ ಕಣ್ಣು. ಡಾಕ್ಟರು ಅದರೊಳಗೆ ಇಷ್ಟೆಲ್ಲ ಇದೆ ಎಂದು ಹೇಳಿರಲಿಲ್ಲ.

ಅವಳು ಹೊರಡುವುದಕ್ಕೆ ಮೂರು ದಿನವಿತ್ತು. ಆಶ್ಲೇಷಾ ಮಳೆ ಬಿಟ್ಟು ಬಿಟ್ಟು ಹೊಡೆಯುತ್ತಿತ್ತು. ನಾನು ಊಟ ಮುಗಿಸಿ ಒರಗಿದ್ದೆ. ಗೇಟು ಬಡಿದ ಸದ್ದಾಯಿತು, ಹುಡುಗಿ ಒದ್ದೆ ಕಾಲಿನಲ್ಲೇ ಒಳಗೆ ಓಡಿಬಂದಳು.

‘ಅಜ್ಜಾ, ಅಜ್ಜಾ, ಮೂಲೆಮನೆ ಅಂಕಲ್ ನೆಗೆದು ಬಿದ್ದುಹೋದ್ರು!’

ಎದೆ ಧಸಕ್ಕೆಂದಿತು. ಮೊದಲು ಬಂದದ್ದು ಕೋಪ. ಹಿರಿಯರ ವಿಷಯದಲ್ಲಿ ಇಂಥ ಒರಟು ಮಾತನ್ನು ಮಗುವಿಗೆ ಕಲಿಸಿದವರು ಯಾರು? ಮರುಕ್ಷಣ ದುಃಖ. ಮೂಲೆಮನೆಯವರು ನನಗಿಂತ ಎರಡು ವರ್ಷ ಚಿಕ್ಕವರು, ಬೆಳಿಗ್ಗೆಯಷ್ಟೇ ಹಾಲಿನ ಅಂಗಡಿಯಲ್ಲಿ ಸಿಕ್ಕಿದ್ದರು. ಬಿಳಿ ಪಂಚೆ ಉಟ್ಟೆ, ಶಲ್ಯ ಹೊದ್ದೆ, ಹೆಂಡತಿಗೆ ಆಮೇಲೆ ಬಾ ಎಂದು ಹೇಳಿ ಕೊಡೆ ಬಿಚ್ಚಿದೆ. ದಾರಿಯಲ್ಲಿ ನಿವೃತ್ತ ಪೋಸ್ಟ್‌ಮಾಸ್ತರು ಸಿಕ್ಕರು. ಮೆಲ್ಲಗೆ ವಿಷಯ ತಿಳಿಸಿದೆ. ಅವರೂ ಟೋಪಿ ತೆಗೆದು ಜತೆಗೆ ಹೆಜ್ಜೆ ಹಾಕಿದರು.

ಮೂಲೆಮನೆಯ ಮುಂದೆ ಚರಂಡಿ ತುಂಬಿ ಹರಿಯುತ್ತಿತ್ತು. ಹಾಸುಗಲ್ಲಿನ ಪಾಚಿಯ ಮೇಲೆ ಯಾರೋ ಜಾರಿದ ಉದ್ದನೆಯ ಗೀರು. ವರಾಂಡದ ಕುರ್ಚಿಯಲ್ಲಿ ಮನೆಯ ಯಜಮಾನರು ಪ್ಯಾಂಟು ಮಂಡಿಯವರೆಗೆ ಮಡಚಿ, ಮಂಡಿಗೆ ಐಸಿನ ಚೀಲ ಒತ್ತಿಕೊಂಡು ಕೂತಿದ್ದರು. ನಮ್ಮಿಬ್ಬರನ್ನೂ, ನನ್ನ ಶಲ್ಯವನ್ನೂ, ಪೋಸ್ಟ್‌ಮಾಸ್ತರ ಕೈಯ ಟೋಪಿಯನ್ನೂ ಒಂದು ಸಲ ನೋಡಿ, ‘ಏನು ಸಾರ್, ಇಬ್ಬರೂ ಒಟ್ಟಿಗೇ ಈ ಮಳೇಲಿ?’ ಎಂದರು.

ಕೊಡೆಯನ್ನು ಅರ್ಧ ಮಡಚಿದ್ದವನು ಹಾಗೇ ನಿಂತೆ.

‘ಏನಿಲ್ಲ, ಹೀಗೇ ಈ ಕಡೆ ಬಂದಿದ್ವಿ’ ಎಂದೆ.

ಒಳಗಿನಿಂದ ಕಾಫಿ ಬಂತು.